ಲೈಬ್ರರಿ ಮೇಡಂ, ಪ್ರೊಫೆಸರ್ ಮೇಡಂ

ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಸಿಗಬೇಕಾದರೆ ಎರಡು ದಾರಿಗಳಿದ್ದವು. ಮರದ ಪುಟ್ಟ ಖಾನೆಗಳನ್ನು ಎಳೆದು, ಕಂಬಿಗೆ ಪೋಣಿಸಿದ ಕಾರ್ಡುಗಳನ್ನು ಒಂದೊಂದಾಗಿ ಮಗುಚಿ, ನಂಬರನ್ನು ಅಂಗೈ ಮೇಲೋ ನೋಟ್‌ಬುಕ್ಕಿನ ಹಿಂದೋ ಬರೆದುಕೊಂಡು ಕಪಾಟಿನತ್ತ ಹೋಗುವುದು ಒಂದು. ಮೇಡಂ ಮುಂದೆ ಹೋಗಿ ನಿಲ್ಲುವುದು ಇನ್ನೊಂದು. ನಾವೆಲ್ಲ ಎರಡನೆಯ ದಾರಿಯವರೇ. ‘ಕಾರಂತರದ್ದು ಯಾವುದಾದರೂ ಕೊಡಿ ಮೇಡಂ’ ಎಂದರೆ ಅವರು ಕೂಡಲೇ ಏಳುತ್ತಿರಲಿಲ್ಲ. ‘ಯಾವುದಾದರೂ ಅಂದರೆ? ಇದುವರೆಗೆ ಯಾವುದು ಓದಿದ್ದೀಯ? ಅರ್ಧಕ್ಕೆ ಬಿಟ್ಟದ್ದು ಯಾವುದು?’ ಎಂದು ಕೇಳುತ್ತಿದ್ದರು. ಬಿಟ್ಟದ್ದು ಯಾವುದು ಎಂಬುದೇ ಅವರಿಗೆ ಮುಖ್ಯ. ಆಮೇಲೆ ಎದ್ದು ಹೋಗಿ, ನೇರವಾಗಿ ಒಂದು ಕಪಾಟಿನ ಎದುರು ನಿಂತು, ಒಂದೇ ಪುಸ್ತಕ ತೆಗೆದು ತರುತ್ತಿದ್ದರು. ಪುಸ್ತಕದ ಕೊನೆಯಲ್ಲಿರುವ ಪದಸೂಚಿಯನ್ನು ಹೇಗೆ ನೋಡಬೇಕು ಎಂದು ನನಗೆ ಹೇಳಿಕೊಟ್ಟದ್ದು ಅವರೇ. ತರಗತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಕಾಲೇಜು ಮ್ಯಾಗಜಿನ್ನಿನ ಗ್ರೂಪ್ ಫೋಟೋದಲ್ಲಿ ಮಾತ್ರ ಅವರು ಕುರ್ಚಿಯ ಸಾಲಿನಲ್ಲಿಲ್ಲ. ಕುರ್ಚಿಗಳೆಲ್ಲ ಉಪನ್ಯಾಸಕರಿಗೆ. ಮೇಡಂ ಹಿಂದಿನ ಸಾಲಿನ ತುದಿಯಲ್ಲಿ, ಆಫೀಸಿನ ಗುಮಾಸ್ತರ ಪಕ್ಕ ನಿಂತಿದ್ದಾರೆ. ಫೋಟೋದ ಕೆಳಗೆ ಅಚ್ಚಾದ ಎರಡು ಪಟ್ಟಿಗಳಲ್ಲಿ ಅವರ ಹೆಸರು ‘ಬೋಧಕೇತರ ಸಿಬ್ಬಂದಿ’ಯ ಕೆಳಗಿದೆ.

ಆ ಫೋಟೋ ನೆನಪಾದದ್ದು ಈಚೆಗೆ ಕ್ಯಾಥರೀನ್ ಲುಸಿಂಡಾ ಶಾರ್ಪ್ ಎಂಬ ಅಮೆರಿಕದ ಹೆಣ್ಣುಮಗಳ ಬಗ್ಗೆ ಓದುತ್ತಿದ್ದಾಗ. ಗ್ರಂಥಪಾಲಕಿಯು ಬೋಧಕಿಯೋ ಅಲ್ಲವೋ ಎಂಬ ನಮ್ಮ ಕಾಲೇಜಿನ ಪ್ರಶ್ನೆಯನ್ನು ಆಕೆ 1897ರಲ್ಲೇ, ಒಂದು ನೇಮಕಾತಿಯ ಮೂಲಕ, ತನ್ನ ಮಟ್ಟಿಗೆ ಇತ್ಯರ್ಥ ಮಾಡಿಕೊಂಡಿದ್ದರು. ಆ ಇತ್ಯರ್ಥ ಎಷ್ಟು ದಿನ ಬಾಳಿತು ಎಂಬುದು ಬೇರೆ ಕಥೆ. ಅದನ್ನೂ ಹೇಳುತ್ತೇನೆ.

ಅದಕ್ಕೂ ಮೊದಲು ಪುಸ್ತಕದ ಬೆನ್ನಿನ ಮೇಲಿನ ಚೀಟಿಯ ಮಾತು. ಡ್ಯೂಯಿ ಪದ್ಧತಿಯ ಯಾವ ಲೈಬ್ರರಿಗೆ ಹೋದರೂ ಕನ್ನಡ ಸಾಹಿತ್ಯದ ಪುಸ್ತಕದ ಬೆನ್ನಿಗೆ 894.814 ಎಂಬ ಅಂಕಿ ಅಂಟಿಕೊಂಡಿರುತ್ತದೆ. 8 ಎಂದರೆ ಸಾಹಿತ್ಯ. ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೊದಲಾದ ಯುರೋಪಿನ ಭಾಷೆಗಳು 810ರಿಂದ 880ರವರೆಗಿನ ಮನೆಗಳನ್ನು ಹಿಡಿದುಕೊಂಡ ಮೇಲೆ ಮಿಕ್ಕ ಪ್ರಪಂಚಕ್ಕೆ 890. ಅದರೊಳಗಿನ 894ರಲ್ಲಿ ದ್ರಾವಿಡ ಭಾಷೆಗಳಿಗೆ ಜಾಗ, ಅದೂ ತುರ್ಕಿ, ಹಂಗೇರಿ, ಫಿನ್ಲೆಂಡಿನ ಭಾಷೆಗಳ ಜೊತೆ ವಠಾರದಲ್ಲಿ. ಕುವೆಂಪು ಅವರ ಕಾದಂಬರಿಯೂ ಫಿನ್ನಿಷ್ ಕಾದಂಬರಿಯೂ ನೆರೆಮನೆಯವರಾದ ಕಥೆ ಹೀಗೆ. ಈ ಅಂಕಿಗಳನ್ನು ಹಂಚಿದಾತ ಮೆಲ್ವಿಲ್ ಡ್ಯೂಯಿ. ಅವನ ಹೆಸರು ಲೈಬ್ರರಿಗೆ ಕಾಲಿಟ್ಟವರಿಗೆಲ್ಲ ಎಂದಾದರೊಮ್ಮೆ ಕಿವಿಗೆ ಬಿದ್ದಿರುತ್ತದೆ. ಶಾರ್ಪ್ ಆತನ ಶಿಷ್ಯೆ.

1865ರ ಮೇ 21ರಂದು ಇಲಿನಾಯ್ ರಾಜ್ಯದ ಎಲ್ಜಿನ್ ಎಂಬ ಊರಿನಲ್ಲಿ ಆಕೆ ಹುಟ್ಟಿದಾಗ ಅಮೆರಿಕದ ಅಂತರ್ಯುದ್ಧ ಮುಗಿದು ತಿಂಗಳಾಗಿತ್ತಷ್ಟೆ. ಕೊಲೆಯಾದ ಲಿಂಕನ್‌ರನ್ನು ಅದೇ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಮಣ್ಣು ಮಾಡಿ ಮೂರು ವಾರವೂ ಕಳೆದಿರಲಿಲ್ಲ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ಹುಡುಗಿ ನೆಂಟರ ಮನೆಯಲ್ಲಿದ್ದುಕೊಂಡು ಓದಿದಳು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 1885ರಲ್ಲಿ ಪದವಿ. ಲ್ಯಾಟಿನ್ ಅವಳ ಗಟ್ಟಿ ವಿಷಯ. ಆ ಕಾಲಕ್ಕೆ ಡಿಗ್ರಿ ಮುಗಿಸಿದ ಹೆಣ್ಣುಮಗಳ ಮುಂದೆ ಇದ್ದ ಬಾಗಿಲು ಹೆಚ್ಚುಕಡಿಮೆ ಒಂದೇ, ಸ್ಕೂಲ್ ಮೇಷ್ಟರಿಕೆ. ಶಾರ್ಪ್ ತಾನು ಓದಿದ ಎಲ್ಜಿನ್ ಅಕಾಡೆಮಿಗೇ ಹಿಂದಿರುಗಿ ಎರಡು ವರ್ಷ ಭಾಷೆಗಳ ಪಾಠ ಹೇಳಿದರು.

1888ರಲ್ಲಿ ಆಕೆ ಷಿಕಾಗೋ ಪಕ್ಕದ ಓಕ್ ಪಾರ್ಕಿನ ಸ್ಕೋವಿಲ್ ಇನ್ಸ್ಟಿಟ್ಯೂಟಿನಲ್ಲಿ ಸಹಾಯಕ ಗ್ರಂಥಪಾಲಕಿಯಾಗಿ ಸೇರಿದರು. ಮುಂದೆ ಅರ್ನೆಸ್ಟ್ ಹೆಮಿಂಗ್ವೇ ಹುಟ್ಟಿ ಬೆಳೆದ ಊರು ಅದು. ಅಲ್ಲಿ ಎರಡು ವರ್ಷ ಕೆಲಸ ಮಾಡಿದ ಮೇಲೆ ಶಾರ್ಪ್, ಇದನ್ನು ಕಲಿತೇ ಮಾಡಬೇಕು ಎಂದು ಗಂಟುಮೂಟೆ ಕಟ್ಟಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಗೆ ಹೊರಟರು. ಅಲ್ಲಿ ಡ್ಯೂಯಿಯ ಸ್ಕೂಲಿತ್ತು.

ಆ ಸ್ಕೂಲಿನ ಹುಟ್ಟಿನಲ್ಲೇ ಒಂದು ಜಗಳವಿದೆ. 1887ರ ಜನವರಿಯಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಡ್ಯೂಯಿ ಜಗತ್ತಿನ ಮೊದಲ ಲೈಬ್ರರಿ ಸ್ಕೂಲನ್ನು ತೆರೆದಾಗ ಸೇರಿದ 20 ಮಂದಿಯಲ್ಲಿ 17 ಹೆಂಗಸರು. ಕಾಲೇಜಿನ ಧರ್ಮದರ್ಶಿಗಳಿಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. ಕೋಣೆ ಕೊಡುವುದಿಲ್ಲ ಎಂದರು. ಡ್ಯೂಯಿ ರಸ್ತೆಯಾಚೆಯ ಒಂದು ಉಗ್ರಾಣವನ್ನು ಗುಡಿಸಿ, ಬೆಂಚು ಹಾಕಿಸಿ ಪಾಠ ಶುರುಮಾಡಿದ. ಎರಡು ವರ್ಷದಲ್ಲಿ ಸ್ಕೂಲಿನ ಸಮೇತ ಕೊಲಂಬಿಯಾ ಬಿಟ್ಟು ಆಲ್ಬನಿಯ ರಾಜ್ಯ ಗ್ರಂಥಾಲಯಕ್ಕೆ ಹೋದ. ಹೆಂಗಸರ ಪರ ನಿಂತವನೆಂದು ಈ ಪ್ರಸಂಗದಲ್ಲಿ ಡ್ಯೂಯಿಗೆ ಒಳ್ಳೆಯ ಹೆಸರು ಬಂತು. ಬರಲಿ, ಆದರೆ ಅವನ ಲೆಕ್ಕಾಚಾರದ ಇನ್ನೊಂದು ಕಲಮನ್ನೂ ನೋಡಬೇಕು. ಓದಿದ ಹೆಣ್ಣುಮಕ್ಕಳು ಬೇಕಾದಷ್ಟಿದ್ದರು. ಅವರಿಗೆ ಬೇರೆ ಕೆಲಸವಿರಲಿಲ್ಲ, ಹಾಗಾಗಿ ಕಡಿಮೆ ಸಂಬಳಕ್ಕೆ ಬರುತ್ತಿದ್ದರು. ಅಮೆರಿಕದ ಊರೂರಿನಲ್ಲಿ ಲೈಬ್ರರಿಗಳು ಏಳುತ್ತಿದ್ದ ಆ ಹೊತ್ತಿನಲ್ಲಿ ಇಡೀ ವ್ಯವಸ್ಥೆ ನಿಂತದ್ದು ಈ ಅಗ್ಗದ ದುಡಿಮೆಯ ಮೇಲೆ.

ಸ್ಕೂಲಿನಲ್ಲಿ ಏನು ಕಲಿಸುತ್ತಿದ್ದರು? ಕೈಬರಹದಿಂದಲೇ ಶುರು. ಕ್ಯಾಟಲಾಗ್ ಕಾರ್ಡು ಏಳೂವರೆ ಸೆಂಟಿಮೀಟರ್ ಎತ್ತರ, ಹನ್ನೆರಡೂವರೆ ಸೆಂಟಿಮೀಟರ್ ಅಗಲ. ಅದರ ಮೇಲೆ ಲೇಖಕರ ಹೆಸರು, ಪುಸ್ತಕದ ಹೆಸರು, ಪ್ರಕಟವಾದ ಊರು, ವರ್ಷ, ಪುಟ. ಹತ್ತು ಜನ ಹತ್ತು ಬಗೆಯಲ್ಲಿ ಬರೆದರೆ ಹುಡುಕುವವನ ಕಣ್ಣು ತಡವರಿಸುತ್ತದೆ. ಹಾಗಾಗಿ ‘ಲೈಬ್ರರಿ ಹ್ಯಾಂಡ್’ ಎಂಬ ಒಂದು ಬರಹವನ್ನೇ ರೂಪಿಸಿದ್ದರು. ಅಕ್ಷರ ನೆಟ್ಟಗಿರಬೇಕು, ದುಂಡಗಿರಬೇಕು, ಬಾಲ ಸುರುಳಿ ಯಾವುದೂ ಕೂಡದು. ಬರೆದವರು ಯಾರೆಂದು ಗೊತ್ತಾಗಲೇಬಾರದು. ಲ್ಯಾಟಿನ್ ಕಾವ್ಯ ಓದಿ ಪದವಿ ಪಡೆದ ಹೆಣ್ಣುಮಕ್ಕಳು ಶಾಯಿ ಬಾಟಲಿ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಅ ಆ ಇ ಈ ತಿದ್ದಿದಂತೆ ತಿದ್ದುತ್ತಿದ್ದರು. ನಮ್ಮೂರಿನ ಖಾನೆಯ ಕಾರ್ಡುಗಳಲ್ಲೂ ಅದೇ ದುಂಡಗಿನ, ಯಾರದೂ ಅಲ್ಲದ ಅಕ್ಷರಗಳಿದ್ದವು. ಅದು ಯಾರ ಕೈ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಬರೆದವರ ಗುರುತು ಸಿಗಬಾರದೆಂಬ ಉದ್ದೇಶ ಅಷ್ಟು ಚೆನ್ನಾಗಿ ಈಡೇರಿತ್ತು.

ಶಾರ್ಪ್ 1892ರಲ್ಲಿ ಆಲ್ಬನಿಯಿಂದ ಪದವಿ ಪಡೆದು ಹೊರಬಂದರು. ಮರುವರ್ಷ ಷಿಕಾಗೋದಲ್ಲಿ ವಿಶ್ವ ಮೇಳ. ಅಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಒಂದು ಪ್ರದರ್ಶನವಿಟ್ಟಿತ್ತು. ಒಂದು ಊರಿನ ಲೈಬ್ರರಿಯಲ್ಲಿ ಇರಬೇಕಾದ 5,000 ಪುಸ್ತಕಗಳು ಯಾವುವು ಎಂದು ಆರಿಸಿ, ಕ್ಯಾಟಲಾಗ್ ಮಾಡಿ ತೋರಿಸಿದ್ದರು. ಬೇರೆ ಬೇರೆ ಲೈಬ್ರರಿಗಳ ಕೆಲಸದ ವಿಧಾನಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸುವ ವಿಭಾಗದ ಜವಾಬ್ದಾರಿ ಶಾರ್ಪ್ ಅವರದು. ಷಿಕಾಗೋ, 1893 ಎಂದರೆ ನಮಗೆ ಸೆಪ್ಟೆಂಬರ್ 11ರ ವಿವೇಕಾನಂದರ ಭಾಷಣವೊಂದೇ ನೆನಪು. ಅದೇ ಊರಿನಲ್ಲಿ, ಅದೇ ಸೆಪ್ಟೆಂಬರಿನಲ್ಲಿ, ಯಾವ ಚಪ್ಪಾಳೆಯೂ ಇಲ್ಲದೆ ಕ್ಯಾಥರೀನ್ ಶಾರ್ಪ್ ತಮ್ಮ ಮೊದಲ ತರಗತಿಯನ್ನು ತೆರೆದರು.

ಅದು ಆರ್ಮರ್ ಇನ್ಸ್ಟಿಟ್ಯೂಟಿನಲ್ಲಿ. ಫಿಲಿಪ್ ಆರ್ಮರ್ ಎಂಬ ಮಾಂಸದ ವ್ಯಾಪಾರಿ, ಷಿಕಾಗೋದ ಕಸಾಯಿಖಾನೆಗಳ ದೊರೆ ಎನ್ನಬಹುದಾದವನು. ಅವನೊಮ್ಮೆ ಫ್ರ್ಯಾಂಕ್ ಗನ್ಸಾಲಸ್ ಎಂಬ ಪಾದ್ರಿಯ ಪ್ರವಚನ ಕೇಳಿದ. ತನ್ನ ಕೈಗೆ ಹತ್ತು ಲಕ್ಷ ಡಾಲರ್ ಸಿಕ್ಕರೆ ಬಡಬಗ್ಗರ ಮಕ್ಕಳಿಗೆ ಎಂಥ ವಿದ್ಯಾಸಂಸ್ಥೆ ಕಟ್ಟುತ್ತಿದ್ದೆ ಎಂಬುದು ಪಾದ್ರಿಯ ಅಂದಿನ ಮಾತಿನ ಸಾರ. ಆರ್ಮರ್ ದುಡ್ಡು ಕೊಟ್ಟ, ಆದರೆ ನೀನೇ ನಡೆಸಬೇಕು ಎಂದು ಷರತ್ತು ಹಾಕಿದ. ಹೀಗೆ ಅಧ್ಯಕ್ಷನಾದ ಗನ್ಸಾಲಸ್ ಲೈಬ್ರರಿ ಕಟ್ಟಲು ಆಳು ಹುಡುಕುತ್ತ ಡ್ಯೂಯಿಯ ಬಳಿ ಬಂದು, ಈ ಕೆಲಸಕ್ಕೆ ದೇಶದಲ್ಲೇ ಅತ್ಯುತ್ತಮ ಗಂಡಸು ಯಾರು ಎಂದು ಕೇಳಿದನಂತೆ. ಅತ್ಯುತ್ತಮ ಗಂಡಸು ಒಬ್ಬ ಹೆಂಗಸು, ಪಕ್ಕದ ಕೋಣೆಯಲ್ಲೇ ಇದ್ದಾಳೆ ಎಂದು ಡ್ಯೂಯಿ ಉತ್ತರಿಸಿದನಂತೆ. ಅಮೆರಿಕದ ಗ್ರಂಥಾಲಯ ಲೋಕದಲ್ಲಿ ನೂರು ವರ್ಷದಿಂದ ತಿರುಗುತ್ತಿರುವ ಕಥೆ ಇದು. ಶಾರ್ಪ್ ಹೆಸರು ಬಂದಲ್ಲೆಲ್ಲ ಇದೂ ಬರುತ್ತದೆ. ಹೊಗಳಿಕೆಯೇ, ಅನುಮಾನವಿಲ್ಲ. ಆದರೂ ‘ಗಂಡುಮಗನಂತೆ ಮನೆ ನಿಭಾಯಿಸಿದಳು’ ಎಂದು ನಮ್ಮ ಕಡೆ ಹೊಗಳುತ್ತಾರಲ್ಲ, ಅದೇ ಜಾತಿಯದು.

ಆರ್ಮರಿನ ಸ್ಕೂಲು ಅಮೆರಿಕದ ನಾಲ್ಕನೆಯದು, ಮಧ್ಯಪಶ್ಚಿಮ ಸೀಮೆಗೆ ಮೊದಲನೆಯದು. ಶಾರ್ಪ್ ಒಂದೇ ಹೊತ್ತಿಗೆ ಅಲ್ಲಿನ ಗ್ರಂಥಪಾಲಕಿ ಮತ್ತು ಸ್ಕೂಲಿನ ಮುಖ್ಯಸ್ಥೆ. ವಯಸ್ಸು 28. ಹುಡುಗಿಯರು ಪಾಠ ಕೇಳುತ್ತಲೇ ಲೈಬ್ರರಿಯ ಪುಸ್ತಕಗಳನ್ನು ರಿಜಿಸ್ಟರಿಗೆ ಏರಿಸಬೇಕು, ವರ್ಗ ಮಾಡಬೇಕು, ಕಾರ್ಡು ಬರೆಯಬೇಕು, ಓದುಗರ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡಬೇಕು. ಮೊದಲು ಒಂದು ವರ್ಷದ ಕೋರ್ಸ್ ಇತ್ತು. ಶಾರ್ಪ್ ಅದನ್ನು ಎರಡು ವರ್ಷಕ್ಕೆ ಏರಿಸಿದರು. ಕಾರ್ಡು ಬರೆಯಲು, ಪುಸ್ತಕ ಜೋಡಿಸಲು ಒಂದು ವರ್ಷ ಧಾರಾಳ ಸಾಕು ಎನ್ನುವವರಿದ್ದರು. ಅಷ್ಟೇ ಆದರೆ ಸಾಕು, ನಿಜ. ಶಾರ್ಪ್‌ಗೆ ಬೇಕಿದ್ದುದು ಅಷ್ಟೇ ಆಗಿರಲಿಲ್ಲ. ಬೀಜಗಣಿತ ಕೇಳಿ ಬಂದವನಿಗೂ ಬೈಬಲಿನ ಇತಿಹಾಸ ಕೇಳಿ ಬಂದವನಿಗೂ ದಾರಿ ತೋರಬೇಕಾದವಳು ಮೊದಲು ತಾನೇ ಚೆನ್ನಾಗಿ ಓದಿದವಳಾಗಿರಬೇಕು ಎಂಬುದು ಆಕೆಯ ಹಟ. ಸ್ಕೂಲಿಗೆ ಸೇರುವ ಅರ್ಹತೆಯನ್ನು ಆಕೆ ವರ್ಷ ವರ್ಷವೂ ಬಿಗಿಗೊಳಿಸುತ್ತಲೇ ಹೋದರು.

ಕಸಬು ಕಲಿಸುವ ಇನ್ಸ್ಟಿಟ್ಯೂಟಿನ ಚೌಕಟ್ಟು ಆ ಹಟಕ್ಕೆ ಸಾಲದಾಯಿತು. 1897ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯ ಕರೆಯಿತು. ಷಿಕಾಗೋದಿಂದ ದಕ್ಷಿಣಕ್ಕೆ ಜೋಳದ ಹೊಲಗಳ ನಡುವಿನ ಅರ್ಬಾನಾ. ಮೂವತ್ತು ವರ್ಷಗಳ ಹಿಂದೆ ಕೃಷಿ, ಕೈಗಾರಿಕೆ ಕಲಿಸಲೆಂದು ಹುಟ್ಟಿದ ಸರ್ಕಾರಿ ಸಂಸ್ಥೆ. ಅಧ್ಯಕ್ಷ ಆ್ಯಂಡ್ರ್ಯೂ ಡ್ರೇಪರ್‌ಗೆ ಗೋಪುರವಿರುವ ಕಲ್ಲಿನ ಹೊಸ ಲೈಬ್ರರಿ ಕಟ್ಟಡ ಆಗತಾನೇ ಸಿದ್ಧವಾಗಿತ್ತು, ನಡೆಸುವವರು ಬೇಕಾಗಿತ್ತು. ಶಾರ್ಪ್ ಬಂದರು, ಒಬ್ಬರೇ ಬರಲಿಲ್ಲ, ಆರ್ಮರಿನ ಸ್ಕೂಲನ್ನೇ ಎತ್ತಿಕೊಂಡು ಬಂದರು. ನೇಮಕವಾದದ್ದು ವಿಶ್ವವಿದ್ಯಾಲಯದ ಮುಖ್ಯ ಗ್ರಂಥಪಾಲಕಿ, ಲೈಬ್ರರಿ ಸ್ಕೂಲಿನ ನಿರ್ದೇಶಕಿ, ಮತ್ತು ಪ್ರೊಫೆಸರ್.

ಆ ಮೂರನೆಯ ಪದದ ಬಳಿ ಸ್ವಲ್ಪ ನಿಲ್ಲಬೇಕು. ವಿಶ್ವವಿದ್ಯಾಲಯದ ಲೈಬ್ರರಿ ಎಂದರೆ ಅಂದಿನ ಪ್ರಾಧ್ಯಾಪಕರ ಮನಸ್ಸಿನಲ್ಲಿ ಪುಸ್ತಕದ ಗೋದಾಮು. ಬೀಗದ ಕೈ ಹಿಡಿದವರು ಗೋದಾಮಿನ ಕಾವಲಿಗೆ. ಅಂಥಲ್ಲಿ ಬೀಗದ ಕೈ ಹಿಡಿದವಳೇ ಪ್ರೊಫೆಸರ್ ಎಂದರೆ, ಪುಸ್ತಕವನ್ನು ಹೊಂದಿಸಿಡುವುದು, ಹುಡುಕಿಕೊಡುವುದು ವಿಶ್ವವಿದ್ಯಾಲಯದಲ್ಲಿ ಕಲಿಸತಕ್ಕ ವಿದ್ಯೆ ಎಂದು ಒಪ್ಪಿದಂತೆ. ಹೆಂಗಸೊಬ್ಬಳು ಪ್ರೊಫೆಸರ್ ಆಗುವುದೇ ಅಪರೂಪವಾಗಿದ್ದ ಕಾಲ, ಅದರ ಮೇಲೆ ಇದು. ಶಾರ್ಪ್ ತಮ್ಮ ಕೈಕೆಳಗೆ ಕೆಲಸಕ್ಕೆ ತೆಗೆದುಕೊಂಡವರಿಗೂ ಲೈಬ್ರರಿಯ ಹುದ್ದೆಯ ಜೊತೆಗೆ ಬೋಧನೆಯ ಹುದ್ದೆಯನ್ನು ಜೋಡಿಸಿ ಕೊಟ್ಟರು. ಬೆಳಿಗ್ಗೆ ಕೌಂಟರಿನಲ್ಲಿ ಕೂತವರು ಮಧ್ಯಾಹ್ನ ಕರಿಹಲಗೆಯ ಮುಂದೆ ನಿಲ್ಲುತ್ತಿದ್ದರು.

ಹಾಗೆ ನಿಂತವರಲ್ಲಿ ಒಬ್ಬರು ಇಸಡೋರ್ ಮಜ್. 1900ರಿಂದ ಮೂರು ವರ್ಷ ಅರ್ಬಾನಾದಲ್ಲಿ ಪರಾಮರ್ಶನ ವಿಭಾಗ ನೋಡಿಕೊಂಡು ಪಾಠವನ್ನೂ ಮಾಡಿದ ಮಜ್, ಮುಂದೆ ಕೊಲಂಬಿಯಾದಲ್ಲಿ ಮೂರು ದಶಕ ಕೂತು ಪರಾಮರ್ಶನ ಗ್ರಂಥಗಳ ಕೈಪಿಡಿಯನ್ನು ಬೆಳೆಸಿದರು. ಯಾವ ಪ್ರಶ್ನೆಗೆ ಯಾವ ಗ್ರಂಥ ತೆರೆಯಬೇಕು ಎಂದು ತಿಳಿಯಲು ಅಮೆರಿಕದ ಗ್ರಂಥಪಾಲಕರೆಲ್ಲ ತೆರೆಯುತ್ತಿದ್ದುದು ಆ ಗ್ರಂಥವನ್ನು. ಇನ್ನೊಬ್ಬರು ಮಾರ್ಗರೆಟ್ ಮ್ಯಾನ್, ಆರ್ಮರಿನಲ್ಲಿ ಶಾರ್ಪ್ ಅವರ ವಿದ್ಯಾರ್ಥಿನಿ. ಕ್ಯಾಟಲಾಗಿಂಗ್ ಬಗ್ಗೆ ಅವರು 1930ರಲ್ಲಿ ಬರೆದ ಪಠ್ಯಪುಸ್ತಕ ಬಹುಕಾಲ ಬಳಕೆಯಲ್ಲಿತ್ತು.

ಮೂರನೆಯವರ ಹೆಸರು ನಮ್ಮ ರಾಜ್ಯದಲ್ಲಿ ಗ್ರಂಥಾಲಯ ವಿಜ್ಞಾನ ಓದಿದವರಿಗೆ ಚೆನ್ನಾಗಿ ಗೊತ್ತು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮೇಜಿನ ಮೇಲೆ ದಪ್ಪಗೆ ಕೂತಿರುತ್ತದಲ್ಲ ‘ಸಿಯರ್ಸ್ ಲಿಸ್ಟ್’, ಆ ಸಿಯರ್ಸ್. ಒಂದು ಪುಸ್ತಕ ಯಾವ ವಿಷಯದ್ದು ಎಂದು ಕಾರ್ಡಿನ ನೆತ್ತಿಯ ಮೇಲೆ ಬರೆಯಬೇಕು. ‘ಮಕ್ಕಳು’ ಎನ್ನಬೇಕೋ ‘ಶಿಶುಗಳು’ ಎನ್ನಬೇಕೋ ಎಂದು ಒಬ್ಬೊಬ್ಬರು ಒಂದೊಂದು ಬರೆದರೆ ಕೆಲಸ ಕೆಟ್ಟಿತು. ಅದಕ್ಕೊಂದು ಒಪ್ಪಿತ ಪದಪಟ್ಟಿ ಬೇಕು. ಸಣ್ಣ ಲೈಬ್ರರಿಗಳಿಗಾಗಿ ಅಂಥ ಪಟ್ಟಿಯನ್ನು 1923ರಲ್ಲಿ ಹೊರತಂದ ಮಿನ್ನಿ ಸಿಯರ್ಸ್ 1900ರಲ್ಲಿ ಶಾರ್ಪ್ ಅವರ ಸ್ಕೂಲಿನಿಂದ ಪದವಿ ಪಡೆದವರು. ‘ಸಿಯರ್ಸ್’ ಎಂದರೆ ಯಾವುದೋ ಕಂಪನಿ ಇರಬೇಕು ಎಂದುಕೊಂಡೇ ಪಾಸಾದ ಬಿ.ಲಿಬ್. ಗೆಳೆಯರು ನನಗಿದ್ದಾರೆ. ಕ್ಯಾಟಲಾಗ್ ಮಾಡುವುದರಲ್ಲಿ ಪಳಗಿದ ಹೆಣ್ಣುಮಗಳ ಹೆಸರದು.

ಅರ್ಬಾನಾದ ಹತ್ತು ವರ್ಷ ಶಾರ್ಪ್ ಹೇಗೆ ಕಳೆದರು ಎಂದು ನೋಡಿದರೆ ಉಬ್ಬಸ ಬರುತ್ತದೆ. ವಿಶ್ವವಿದ್ಯಾಲಯದ ಲೈಬ್ರರಿ ಬೆಳೆಯುತ್ತಿತ್ತು. ಖರೀದಿ, ಬೈಂಡಿಂಗ್, ಜಾಗ, ಆಳುಕಾಳು ಎಲ್ಲ ಆಕೆಯ ತಲೆಯ ಮೇಲೆ. ಸ್ಕೂಲಿನ ಪಾಠ, ಪರೀಕ್ಷೆ, ಕಲಿತು ಹೊರಟವರಿಗೆ ಕೆಲಸ ಕೊಡಿಸುವ ಪತ್ರಗಳು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ ಕೌನ್ಸಿಲ್ ಸದಸ್ಯತ್ವ, ಎರಡು ಬಾರಿ ಉಪಾಧ್ಯಕ್ಷ ಸ್ಥಾನ. ಇವೆಲ್ಲದರ ಜೊತೆಗೆ ಇಲಿನಾಯ್ ರಾಜ್ಯದಲ್ಲಿ ಊರೂರಿನ ಲೈಬ್ರರಿಗಳಿಗೆ ಸಲಹೆ, ಸಹಾಯ ಕೊಡುವ ಸರ್ಕಾರಿ ಆಯೋಗ ಬೇಕೆಂದು ಶಾಸನಸಭೆಯ ಬೆನ್ನು ಹತ್ತಿದ್ದರು. ಮಸೂದೆ ಮತ್ತೆ ಮತ್ತೆ ಬಿದ್ದುಹೋಯಿತು. ಆಯೋಗವಿಲ್ಲದಿದ್ದರೇನಂತೆ, ಸ್ಕೂಲಿನಿಂದಲೇ ಆ ಕೆಲಸ ಮಾಡುತ್ತೇವೆ ಎಂದು ರಾಜ್ಯದ ಲೈಬ್ರರಿಗಳ ವಿವರಗಳನ್ನೆಲ್ಲ ಕಲೆಹಾಕತೊಡಗಿದರು. ಅದು 1906ರಿಂದ 1908ರವರೆಗೆ ಕಂತು ಕಂತಾಗಿ ‘ಇಲಿನಾಯ್ ಲೈಬ್ರರೀಸ್’ ಎಂಬ ಗ್ರಂಥವಾಗಿ ಅಚ್ಚಾಯಿತು. ಆಯೋಗದ ಕಾನೂನು ಪಾಸಾದದ್ದು 1909ರಲ್ಲಿ. ಅಷ್ಟೊತ್ತಿಗೆ ಶಾರ್ಪ್ ಅಲ್ಲಿರಲಿಲ್ಲ.

1907ರಲ್ಲಿ ಆಕೆ ರಾಜೀನಾಮೆ ಕೊಟ್ಟರು. ವಯಸ್ಸು 42. ಆರೋಗ್ಯ ಕುಸಿದಿತ್ತು. ವಿಶ್ವವಿದ್ಯಾಲಯ ಗೌರವ ಪದವಿ ಕೊಟ್ಟು ಬೀಳ್ಕೊಟ್ಟಿತು. ಆಕೆ ಹೋದದ್ದು ನ್ಯೂಯಾರ್ಕ್ ರಾಜ್ಯದ ಬೆಟ್ಟಗಳ ನಡುವಿನ ಲೇಕ್ ಪ್ಲ್ಯಾಸಿಡ್‌ಗೆ, ಡ್ಯೂಯಿ ದಂಪತಿ ನಡೆಸುತ್ತಿದ್ದ ವಿಹಾರಧಾಮದ ಉಪಾಧ್ಯಕ್ಷೆಯಾಗಿ.

ಇಲ್ಲಿಗೆ ಬಂದಾಗ ನನ್ನ ಮನಸ್ಸು ಹುಳ್ಳಗಾಗುತ್ತದೆ. ಆ ವಿಹಾರಧಾಮವೆಂದರೆ ಒಂದು ಕ್ಲಬ್ಬು, ಅದರೊಳಗೆ ಯಹೂದಿಗಳಿಗೆ ಪ್ರವೇಶವಿರಲಿಲ್ಲ. ಸರ್ಕಾರಿ ಹುದ್ದೆಯಲ್ಲಿರುವವನು ಇಂಥ ಕ್ಲಬ್ ನಡೆಸಬಹುದೇ ಎಂದು 1905ರಲ್ಲಿ ದೂರು ಎದ್ದು, ಛೀಮಾರಿ ಹಾಕಿಸಿಕೊಂಡು ಡ್ಯೂಯಿ ನ್ಯೂಯಾರ್ಕ್ ರಾಜ್ಯ ಗ್ರಂಥಪಾಲಕನ ಹುದ್ದೆಯನ್ನು ಬಿಡಬೇಕಾಯಿತು. ಅದೇ ಹೊತ್ತಿಗೆ ಇನ್ನೊಂದು. ಲೈಬ್ರರಿ ಅಸೋಸಿಯೇಷನ್ನಿನ 1905ರ ಸಮ್ಮೇಳನದ ಬಳಿಕ ಸದಸ್ಯರು ಅಲಾಸ್ಕಾ ಪ್ರವಾಸ ಹೋಗಿದ್ದರು. ಅಲ್ಲಿ ಡ್ಯೂಯಿ ತಮ್ಮೊಡನೆ ನಡೆದುಕೊಂಡ ರೀತಿಯ ಬಗ್ಗೆ ಮಹಿಳಾ ಗ್ರಂಥಪಾಲಕರು ದೂರಿದರು. ತಾನೇ ಕಟ್ಟಿದ ಸಂಸ್ಥೆಯಿಂದ ಡ್ಯೂಯಿ ದೂರ ಸರಿದ. 2019ರಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ತನ್ನ ದೊಡ್ಡ ಪ್ರಶಸ್ತಿಯೊಂದರಿಂದ ಅವನ ಹೆಸರನ್ನು ತೆಗೆದುಹಾಕಿದ್ದು ಈ ಎರಡು ಕಾರಣಗಳಿಗೇ, ಜೊತೆಗೆ ಕರಿಯರ ಬಗೆಗಿನ ಅವನ ಧೋರಣೆಗೆ. ಇಷ್ಟೆಲ್ಲ ಆಗಿ ಎರಡು ವರ್ಷದೊಳಗೆ, ಇಲಿನಾಯ್‌ನಲ್ಲಿ ಹತ್ತು ವರ್ಷ ಬೆವರು ಸುರಿಸಿ ಕಟ್ಟಿದ್ದನ್ನು ಬಿಟ್ಟು ಶಾರ್ಪ್ ಅದೇ ಡ್ಯೂಯಿಯ ಕ್ಲಬ್ಬಿಗೆ ಹೋದರು. ಗುರುಭಕ್ತಿ ಎನ್ನಿ, ದಣಿವು ಎನ್ನಿ. ನನಗಂತೂ ಅದು ಆಕೆಯ ಬದುಕಿನ ಅತ್ಯಂತ ದುರ್ಬಲ ಗಳಿಗೆಯಾಗಿ ಕಾಣುತ್ತದೆ. ಅದನ್ನು ಮುಚ್ಚಿಟ್ಟು ಆಕೆಯನ್ನು ಕೊಂಡಾಡುವುದು ಬೇಡ.

1914ರಲ್ಲಿ ಲೇಕ್ ಪ್ಲ್ಯಾಸಿಡ್ ಬಳಿ ಮೋಟಾರು ಅಪಘಾತ. ಗಾಯಗೊಂಡ ಶಾರ್ಪ್ ಜೂನ್ 1ರಂದು ತೀರಿಕೊಂಡರು. ಹಿಂದಿನ ತಿಂಗಳಷ್ಟೇ 49 ತುಂಬಿತ್ತು. ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ, ಲೊರಾಡೊ ಟಾಫ್ಟ್ ಎಂಬ ಹೆಸರಾಂತ ಶಿಲ್ಪಿಯಿಂದ ಆಕೆಯ ಕಂಚಿನ ಉಬ್ಬುಚಿತ್ರ ಮಾಡಿಸಿ ವಿಶ್ವವಿದ್ಯಾಲಯದ ಲೈಬ್ರರಿಗೆ ಕೊಟ್ಟರು. ಆಕೆಯ ಕುರ್ಚಿ ಏನಾಯಿತು? ಎರಡು ವರ್ಷ ತಾತ್ಕಾಲಿಕ ವ್ಯವಸ್ಥೆಯಲ್ಲಿ ನಡೆದು, 1909ರಲ್ಲಿ ಫಿನಿಯಾಸ್ ವಿಂಡ್ಸರ್ ಎಂಬ ಗಂಡಸು ಗ್ರಂಥಪಾಲಕನೂ ನಿರ್ದೇಶಕನೂ ಆಗಿ ಬಂದ. 1940ರವರೆಗೆ ಆತನೇ ಇದ್ದ. ಹೆಂಗಸರಿಂದ ತುಂಬಿದ ಸ್ಕೂಲು, ನೆತ್ತಿಯ ಮೇಲೆ ಒಬ್ಬ ಗಂಡಸು. ಮುಂದಿನ ಹಲವು ದಶಕ ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳ ಲೈಬ್ರರಿಗಳಲ್ಲಿ ಸಾಮಾನ್ಯವಾಗಿ ಕಂಡದ್ದು ಇದೇ ನೋಟ. ಆ ಕುರ್ಚಿಗೆ ಪ್ರೊಫೆಸರಿಕೆಯ ತೂಕ ಬಂದದ್ದೇ ಅದರ ಮೇಲೆ ಕೂರುವವರೂ ಬದಲಾದರು.

ಗ್ರಂಥಾಲಯದ ವಿದ್ಯೆ ನಮ್ಮ ದೇಶಕ್ಕೆ ಬಂದದ್ದೂ ಅದೇ ಡ್ಯೂಯಿ ಬಳಗದ ಮೂಲಕ. ಕೊಲಂಬಿಯಾದಲ್ಲಿ ಡ್ಯೂಯಿಯ ಸ್ಕೂಲಿಗೆ ಉಪನ್ಯಾಸ ಕೊಡುತ್ತಿದ್ದ ವಿಲಿಯಂ ಬಾರ್ಡನ್‌ರನ್ನು ಬರೋಡದ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಕರೆಸಿಕೊಂಡರು. ಮರುವರ್ಷ ಭಾರತದ ಮೊದಲ ಗ್ರಂಥಾಲಯ ತರಗತಿ ಬರೋಡದಲ್ಲಿ ಶುರುವಾಯಿತು. ಆಮೇಲೆ ಎಸ್.ಆರ್. ರಂಗನಾಥನ್. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಮೇಷ್ಟರು 1924ರಲ್ಲಿ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲಸವಿಲ್ಲದೆ ಕೂರುವ ಆ ಹುದ್ದೆ ಬೇಡ, ಪಾಠಕ್ಕೇ ಹಿಂದಿರುಗುತ್ತೇನೆ ಎಂದು ಮೊದಲು ಅವರೂ ಚಡಪಡಿಸಿದವರೇ. ಲಂಡನ್ನಿಗೆ ಹೋಗಿ ಬಂದ ಮೇಲೆ ಅವರ ಗಣಿತವೆಲ್ಲ ಪುಸ್ತಕದ ವರ್ಗೀಕರಣಕ್ಕೆ ತಿರುಗಿತು. ಕೊನೆಯ ಹದಿನೈದು ವರ್ಷ ಅವರು ಬೆಂಗಳೂರಿನವರು. 1962ರಲ್ಲಿ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರನ್ನು ಇಲ್ಲೇ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು.

ರಂಗನಾಥನ್ ಅವರ ಕೋಲನ್ ವರ್ಗೀಕರಣ ಪದ್ಧತಿಯ ಬಗ್ಗೆ ನಮ್ಮಲ್ಲಿ ಎಷ್ಟೋ ಭಾಷಣಗಳಾಗಿವೆ. ಅಷ್ಟಾಗಿ ಮಾತಿಗೆ ಬರದ ಅವರ ಇನ್ನೊಂದು ಕೆಲಸವಿದೆ. 1957ರಲ್ಲಿ ಯುಜಿಸಿ ನೇಮಿಸಿದ ಗ್ರಂಥಾಲಯ ಸಮಿತಿಗೆ ಅವರೇ ಅಧ್ಯಕ್ಷರು. ವಿಶ್ವವಿದ್ಯಾಲಯ, ಕಾಲೇಜುಗಳ ಗ್ರಂಥಪಾಲಕರಿಗೆ ಅಧ್ಯಾಪಕರ ಸಮಾನ ವೇತನ, ಸಮಾನ ದರ್ಜೆ ಕೊಡಬೇಕು ಎಂದು ಆ ಸಮಿತಿ ಹೇಳಿತು. ಅರ್ಬಾನಾದಲ್ಲಿ ಶಾರ್ಪ್ ಪ್ರೊಫೆಸರ್ ಆಗಿ ಆಗಲೇ ಅರವತ್ತು ವರ್ಷ. ನಮ್ಮ ಕಾಲೇಜು ಗ್ರಂಥಪಾಲಕರಿಗೆ ಯುಜಿಸಿ ವೇತನ ಶ್ರೇಣಿ ಸಿಕ್ಕಿದ ಹಾದಿಯ ಮೊದಲ ಕಲ್ಲು ಆ ಸಮಿತಿಯ ವರದಿ. ಶ್ರೇಣಿ ಸಿಕ್ಕಿದ್ದು ನಿಜ. ಆದರೆ ಅವರು ಬೋಧಕರೋ ಬೋಧಕೇತರರೋ, ರಜೆಗೆ ಯಾವ ನಿಯಮ, ನಿವೃತ್ತಿಗೆ ಯಾವ ವಯಸ್ಸು ಎಂಬ ತಗಾದೆಗಳು ಕೋರ್ಟುಗಳವರೆಗೆ ಹೋಗಿವೆ, ಇನ್ನೂ ಹೋಗುತ್ತಿವೆ.

ಹೋದ ವರ್ಷ ಒಂದು ಕೆಲಸದ ಮೇಲೆ ಊರಿಗೆ ಹೋದಾಗ ಹಳೆಯ ಕಾಲೇಜಿನೊಳಗೆ ಒಂದು ಸುತ್ತು ಹಾಕಿ ಬಂದೆ. ಕಾರ್ಡಿನ ಖಾನೆಗಳು ಲೈಬ್ರರಿಯ ಹೊರಗೆ, ಜಗುಲಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು. ಒಂದನ್ನು ಎಳೆದೆ, ಬಿಗಿಯಾಗಿತ್ತು, ಎರಡನೆಯ ಸಲ ಬಂತು. ದುಂಡಗಿನ, ನೆಟ್ಟನೆಯ ಅಕ್ಷರ. ಕಾರ್ಡಿನ ಎಡಗಡೆ 894.814. ಒಂದರ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು: ‘ಮೊದಲ ಸಲ ಓದುವವರಿಗೆ ಕೊಡಬಹುದು.’ ಇದು ಯಾವ ನಿಯಮದಲ್ಲೂ ಇಲ್ಲದ ಟಿಪ್ಪಣಿ. ಆ ಕೈ ಯಾರದೆಂದು ಈ ಸಲ ಗೊತ್ತಾಯಿತು.

ಮೇಡಂ ನಿವೃತ್ತರಾಗಿ ಹನ್ನೊಂದು ವರ್ಷವಾಯಿತಂತೆ. ಅವರ ಹುದ್ದೆ ಭರ್ತಿಯಾಗಿಲ್ಲ. ಬೀಗದ ಕೈ ಸದ್ಯಕ್ಕೆ ಒಬ್ಬ ಅತಿಥಿ ಉಪನ್ಯಾಸಕರ ಹತ್ತಿರ ಇದೆ. ತಮಗೆ ಕ್ಲಾಸ್ ಇಲ್ಲದ ವೇಳೆಯಲ್ಲಿ, ವಾರಕ್ಕೆ ಮೂರು ಮಧ್ಯಾಹ್ನ, ಅವರು ಬಾಗಿಲು ತೆರೆಯುತ್ತಾರೆ.